ಅಸಲು ಕೇಳದ ಸಂತೆ
ಮಕ್ಕಳಿಗೆ ವ್ಯವಹಾರಜ್ಞಾನ ಬರಲಿ ಎಂದು ನಮ್ಮ ಸರ್ಕಾರಿ ಶಾಲೆಗಳು ನಡೆಸುವ ಮಕ್ಕಳ ಸಂತೆಯಲ್ಲಿ ಎಲ್ಲವೂ ಇರುತ್ತದೆ, ನಷ್ಟವೊಂದನ್ನು ಬಿಟ್ಟು. ಅಂಗಳದಲ್ಲಿ ಸಾಲಾಗಿ ಗೋಣಿತಾಟು, ಅದರ ಮೇಲೆ ಬದನೆ, ಮೆಂತ್ಯ, ನಿಂಬೆಹಣ್ಣು. ಆ ಕಡೆ ಚುರುಮುರಿ, ಮಜ್ಜಿಗೆ. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಅಧ್ಯಕ್ಷರು ರಿಬ್ಬನ್ ಕತ್ತರಿಸುತ್ತಾರೆ, ಮೇಷ್ಟ್ರು ಬೋಣಿ ಮಾಡುತ್ತಾರೆ. ಮಗು ಹೇಳಿದ ಬೆಲೆಗೆ ಯಾರೂ ಚೌಕಾಸಿ ಮಾಡುವುದಿಲ್ಲ. ಮಾಡಿದರೆ ಚೆನ್ನಾಗಿರುವುದಿಲ್ಲ ಅಲ್ಲವೇ?

ಅಂಥದೊಂದು ಸಂತೆಯಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳನ್ನು ಕೇಳಿದೆ: "ಎಷ್ಟಮ್ಮಾ ಲಾಭ ಬಂತು?"

"ನೂರಾ ಎಂಬತ್ತು, ಸರ್."

"ಸೊಪ್ಪಿಗೆ ಎಷ್ಟು ಕೊಟ್ಟಿದ್ದೆ?"

"ಸೊಪ್ಪು ನಮ್ ಹೊಲದ್ದೇ ಅಲ್ವಾ ಸರ್!"

ಅವಳ ತಪ್ಪೇನಿಲ್ಲ. ಅಸಲು ಎಷ್ಟೆಂದು ಅವಳನ್ನು ಯಾರೂ ಕೇಳಿರಲಿಲ್ಲ. ಬೆಳಗಿನ ಜಾವ ಸೊಪ್ಪು ಕಿತ್ತು ಕಟ್ಟು ಕಟ್ಟಿದ ಅಮ್ಮನ ದುಡಿಮೆಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಚಿಲ್ಲರೆ ಎಣಿಸುವುದು, ತೂಕ ಹಾಕುವುದು, ಗುರುತಿಲ್ಲದವರ ಜೊತೆ ಅಳುಕಿಲ್ಲದೆ ಮಾತಾಡುವುದು ಇಲ್ಲಿ ಚೆನ್ನಾಗಿಯೇ ಬರುತ್ತದೆ. ಅದು ಸಣ್ಣ ಸಂಗತಿಯೇನಲ್ಲ. ಆದರೆ ಪ್ರತಿ ಮಗುವೂ ತನ್ನ ಗುಡ್ಡೆಯ ಮುಂದೆ ತಾನೊಂದೇ ಕೂತಿರುತ್ತದೆ. ಜೊತೆಗಾರರೊಂದಿಗೆ ಜಗಳವಾಡಿ, ತೀರ್ಮಾನಕ್ಕೆ ಬಂದು, ಅದು ಕೈಕೊಟ್ಟಾಗ ಬೇರೆ ದಾರಿ ಹುಡುಕುವುದೇ ಉದ್ಯಮಶೀಲತೆಯ ಜೀವಾಳ. ಅದಕ್ಕೆ ಈ ಸಂತೆಯಲ್ಲಿ ಆಸ್ಪದವೇ ಇಲ್ಲ.

ಇದರ ಪಕ್ಕದಲ್ಲಿ ಪೀಟರ್ ಸ್ಕಿಲ್ಮನ್ ರೂಪಿಸಿದ ಮಾರ್ಷ್‌ಮ್ಯಾಲೋ ಆಟವನ್ನು ಇಟ್ಟು ನೋಡಬೇಕು. ತಂಡಕ್ಕೆ ಸಿಗುವುದು ಬೇಯಿಸದ 20 ಸ್ಪಗೆಟ್ಟಿ ಕಡ್ಡಿ, ಒಂದೊಂದು ಗಜ ಟೇಪು ಮತ್ತು ದಾರ, ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಒಂದು ಮಿಠಾಯಿ. 18 ನಿಮಿಷದಲ್ಲಿ ಗೋಪುರ ಕಟ್ಟಿ ತುದಿಯಲ್ಲಿ ಮಿಠಾಯಿ ನಿಲ್ಲಿಸಬೇಕು. ಈ ಆಟವನ್ನು ಹಲವು ಕಡೆ ಆಡಿಸಿದ ಟಾಮ್ ವುಜೆಕ್ 2010ರ ಟೆಡ್ ಭಾಷಣದಲ್ಲಿ ಹೇಳಿದ್ದು ಸ್ವಾರಸ್ಯಕರ: ಬಿಸಿನೆಸ್ ಶಾಲೆಯಿಂದ ಆಗಷ್ಟೇ ಹೊರಬಂದವರಿಗಿಂತ ಶಿಶುವಿಹಾರದ ಮಕ್ಕಳೇ ಎತ್ತರದ ಗೋಪುರ ಕಟ್ಟುತ್ತಾರೆ. ದೊಡ್ಡವರು ಯೋಜನೆ ಹಾಕಿ, ನಾಯಕ ಯಾರೆಂದು ಗುದ್ದಾಡಿ, ಕೊನೆಯ ನಿಮಿಷದಲ್ಲಿ ಮಿಠಾಯಿ ಇಡುತ್ತಾರೆ. ಗೋಪುರ ಕುಸಿಯುತ್ತದೆ. ಮಕ್ಕಳು ಮೊದಲಿಂದಲೂ ಮಿಠಾಯಿ ಇಟ್ಟು ಇಟ್ಟು ನೋಡುತ್ತಾರೆ. ಅದೇ ಭಾಷಣದಲ್ಲಿ ಇನ್ನೊಂದು ಪ್ರಸಂಗವಿದೆ. 10,000 ಡಾಲರ್ ಬೆಲೆಯ ಬಹುಮಾನ ಇಟ್ಟಾಗ ಹತ್ತು ತಂಡಗಳಲ್ಲಿ ಒಂದರ ಗೋಪುರವೂ ನಿಲ್ಲಲಿಲ್ಲ. ಅವರನ್ನೇ ಮತ್ತೆ ಆಡಿಸಿದಾಗ ಚೆನ್ನಾಗಿ ಕಟ್ಟಿದರು. ಕಲಿಸಿದ್ದು ಬಹುಮಾನವಲ್ಲ, ಸೋತ ಮೇಲೆ ಸಿಕ್ಕ ಎರಡನೆಯ ಸರದಿ. (ನಮ್ಮೂರಲ್ಲಿ ಸ್ಪಗೆಟ್ಟಿಗೆ ಹುಡುಕಾಡಬೇಕಿಲ್ಲ. ತೆಂಗಿನ ಗರಿಯ ಕಡ್ಡಿ, ಪುಟ್ಟ ನಿಂಬೆಹಣ್ಣು ಸಾಕು. ಕಡ್ಡಿ ಸುಲಭಕ್ಕೆ ಮುರಿಯುವುದಿಲ್ಲ ಎನ್ನುವುದೊಂದೇ ಕೊರತೆ. ಮುರಿಯುವ ಭಯವಿಲ್ಲದಿದ್ದರೆ ಆಟ ಸ್ವಲ್ಪ ಸಪ್ಪೆ.)

ಆದರೂ ಈ ಆಟದಲ್ಲಿ ಎಲ್ಲ ತಂಡಕ್ಕೂ ಸರಿಸಮ ಸಾಮಾನು. ಹೊರಗಿನ ಪ್ರಪಂಚ ಹಾಗಿಲ್ಲ. ಆ ಕೊರತೆಯನ್ನು ಬ್ರಿಟನ್ನಿನ ಕ್ರಿಶ್ಚಿಯನ್ ಏಡ್ ಸಂಸ್ಥೆಯ ಟ್ರೇಡಿಂಗ್ ಗೇಮ್ ತುಂಬುತ್ತದೆ. ಕೆಲವು ತಂಡಗಳಿಗೆ ಕತ್ತರಿ, ಸ್ಕೇಲು ಸಿಗುತ್ತವೆ, ಕಾಗದ ಸಾಲದು. ಉಳಿದವರ ಬಳಿ ಕಾಗದವಿದೆ, ಕತ್ತರಿಯಿಲ್ಲ. ವೃತ್ತ, ತ್ರಿಕೋನಗಳನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಬ್ಯಾಂಕಿಗೆ ಮಾರಬೇಕು. ನಡುನಡುವೆ ಬೆಲೆಯೂ ಬದಲಾಗುತ್ತದೆ. ಕತ್ತರಿಯನ್ನು ಐದು ನಿಮಿಷ ಬಾಡಿಗೆಗೆ ಕೊಡಬೇಕೋ, ಕಾಗದದಲ್ಲಿ ಪಾಲು ಕೇಳಬೇಕೋ ಎಂಬ ಮಾತುಕತೆಯಲ್ಲೇ ನಿಜವಾದ ಪಾಠವಿದೆ. ನಾನು ಬಲ್ಲ ಆಟಗಳಲ್ಲಿ ಶಾಲೆಗೆ ಇದಕ್ಕಿಂತ ಚೆನ್ನಾಗಿ ಒಗ್ಗುವುದು ಇನ್ನೊಂದಿಲ್ಲ.

ಹಾಗೆಂದು ಆಟವೇ ಎಲ್ಲವನ್ನೂ ಕಲಿಸುತ್ತದೆ ಎಂಬ ಉತ್ಸಾಹಿಗಳ ಮಾತನ್ನು ನಾನು ಒಪ್ಪುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಗುಂಪು ಕಟ್ಟಿಕೊಂಡು ಸ್ನೇಹದ ಕೈಪಟ್ಟಿ ತಯಾರಿಸಿ ಮಾರುವ ಬಿಜ್‌ವರ್ಲ್ಡ್ ಕಾರ್ಯಕ್ರಮವಿದೆ. ಅದರ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮಕ್ಕಳ ಆತ್ಮವಿಶ್ವಾಸದಂಥ ಗುಣಗಳು ಬೆಳೆದವು, ವ್ಯವಹಾರದ ತಿಳಿವಳಿಕೆ ಮಾತ್ರ ಇದ್ದಲ್ಲೇ ಇತ್ತು. ಲೆಕ್ಕವನ್ನು ಕರಿಹಲಗೆಯ ಮುಂದೆಯೇ ಕಲಿಸಬೇಕು. ಆಟದ ಬದಲು ನಿಜವಾದ ವ್ಯವಹಾರಕ್ಕೇ ಮಕ್ಕಳನ್ನು ಇಳಿಸಿದ್ದೂ ಉಂಟು: ದೆಹಲಿ ಸರ್ಕಾರ 2021ರಲ್ಲಿ ಬಿಸಿನೆಸ್ ಬ್ಲಾಸ್ಟರ್ಸ್ ಹೆಸರಿನಲ್ಲಿ 11, 12ನೇ ತರಗತಿಯವರಿಗೆ ತಲಾ 2,000 ರೂಪಾಯಿ ಬಂಡವಾಳ ಕೊಟ್ಟಿತು. ತಂಡದ ಕೈಗೆ ನಿಜವಾದ ದುಡ್ಡು ಬಂದದ್ದು ದೊಡ್ಡ ಮಾತು. ಆಯ್ದ ತಂಡಗಳನ್ನು ಟಿವಿಯಲ್ಲಿ ಹೂಡಿಕೆದಾರರ ಮುಂದೆ ನಿಲ್ಲಿಸಿದ್ದು ಮಾತ್ರ ನನಗೆ ಹಿಡಿಸಲಿಲ್ಲ. ರಿಬ್ಬನ್ ಕತ್ತರಿಸುವ ಚಟವೇ ಅಲ್ಲಿ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಮಕ್ಕಳ ಸಂತೆಯನ್ನು ನಿಲ್ಲಿಸಬೇಕಿಲ್ಲ, ಎರಡು ಸಲ ನಡೆಸಿದರೆ ಸಾಕು. ಐದೈದು ಮಕ್ಕಳ ತಂಡ ಮಾಡಿ. ಶಾಲೆಯೇ ಪ್ರತಿ ತಂಡಕ್ಕೆ ನೂರು ರೂಪಾಯಿ ಸಾಲ ಕೊಡಲಿ. ಮನೆಯಿಂದ ತಂದ ಸರಕಿಗೂ ಬೆಲೆ ಕಟ್ಟಿ ಪುಸ್ತಕದಲ್ಲಿ ಬರೆಯಲಿ. ಮಾರದೆ ಉಳಿದದ್ದು ನಷ್ಟದ ಖಾತೆಗೆ ಹೋಗಲಿ. ಹದಿನೈದು ದಿನ ಬಿಟ್ಟು ಅದೇ ತಂಡಗಳು ಮತ್ತೆ ಕೂರಲಿ. ಆ ಸಲ ಶಾಮಿಯಾನವೂ ಬೇಡ, ಮುಖ್ಯ ಅತಿಥಿಯೂ ಬೇಡ. ಮೇಷ್ಟ್ರು ಬಾಯಿ ಹಾಕದೆ ದೂರ ನಿಲ್ಲಲಿ. ಎಲ್ಲಕ್ಕಿಂತ ಕಷ್ಟದ್ದು ಇದೇ. ಇನ್ನೊಂದು ಮಾತು: ಗುಂಪು ಕಟ್ಟಿದ ಕೂಡಲೇ ಬಾಯಿ ಜೋರಿರುವ ಹುಡುಗ ಯಜಮಾನನಾಗುತ್ತಾನೆ, ಅಕ್ಷರ ದುಂಡಗಿರುವ ಹುಡುಗಿಯ ಪಾಲಿಗೆ ಲೆಕ್ಕದ ಪುಸ್ತಕ ಬರುತ್ತದೆ. ಎರಡನೆಯ ಸಂತೆಯಲ್ಲಿ ಅವನು ಗಲ್ಲಾ ನೋಡಿಕೊಳ್ಳಲಿ, ಅವಳು ಕೂಗಿ ಮಾರಲಿ.