ಅಕ್ಷರಗಳ ಕನ್ನಡಿಯಲ್ಲಿ ಕವಿಯ ಬಿಂಬ

ಚಿತ್ರಕಾರನು ತನ್ನ ಮುಖವನ್ನು ತಾನೇ ಬರೆದಿಡುವುದು ಹಳೆಯ ರೂಢಿ. ಬಣ್ಣ ಕುಂಚಗಳ ನೆರವಿಲ್ಲದೆ, ಬರಿಯ ಅಚ್ಚಿನ ಮೊಳೆಗಳಿಂದ ಆತ್ಮಚಿತ್ರವನ್ನು ಕಟ್ಟಿದ ಕವಿಗಳಾದರೋ ವಿರಳ. ಫ್ರೆಂಚ್ ಕವಿ ಗಿಯೋಮ್ ಅಪೊಲಿನೇರನ ‘ಹೃದಯ, ಕಿರೀಟ ಮತ್ತು ಕನ್ನಡಿ’ ಅಂತಹದೊಂದು ರಚನೆ. 1914ರಲ್ಲಿ ಬೆಳಕು ಕಂಡ ಇದು 1918ರಲ್ಲಿ ‘ಕಲಿಗ್ರಾಮ್’ ಸಂಕಲನವನ್ನು ಸೇರಿತು.

ಇದರ ಮೂರು ಆಕೃತಿಗಳಲ್ಲಿ ಹೃದಯ ಕಿರೀಟಗಳೆರಡೂ ಚಮತ್ಕಾರದ ಮಟ್ಟದಲ್ಲಿಯೇ ನಿಂತಿವೆ. ಮಾತು ಹೇಳಿದ ವಸ್ತುವನ್ನೇ ಆಕಾರವೂ ಹೇಳಿದರೆ ಪುನರುಕ್ತಿಯಲ್ಲದೆ ಮತ್ತೇನು? ಕನ್ನಡಿಯ ರೀತಿ ಬೇರೆ. ಒಂದು ವಾಕ್ಯವು ತುಂಡುತುಂಡಾಗಿ ಒಡೆದು ಅಂಡಾಕಾರದ ಚೌಕಟ್ಟಾಗಿದೆ. ಒಳಗಿರುವವನು ಪ್ರತಿಬಿಂಬವಲ್ಲ, ಸಜೀವನಾದ ನಿಜವ್ಯಕ್ತಿ ಎಂಬುದು ಅದರ ತಾತ್ಪರ್ಯ. ಓದುಗನ ಕಣ್ಣು ಈ ಚೌಕಟ್ಟನ್ನು ಸುತ್ತಿ ನಡುವಿಗೆ ಬಂದರೆ ಅಲ್ಲಿ ಮುಖವಿಲ್ಲ. ನೆಟ್ಟಗೆ ಅಚ್ಚಾದ ಕವಿಯ ಹೆಸರಿದೆ, ಅಷ್ಟೆ.

ಹೆಸರು ಮುಖಕ್ಕೆ ಸಾಟಿಯಾದೀತೆ ಎಂಬ ಆಕ್ಷೇಪಕ್ಕೆ ಉತ್ತರವು ಆ ಹೆಸರಿನಲ್ಲಿಯೇ ಉಂಟು. 1880ರಲ್ಲಿ ರೋಮಿನಲ್ಲಿ ಹುಟ್ಟಿದ ಈತನ ತಾಯಿ ಪೋಲಿಷ್ ಮನೆತನದವಳು. ಅವಳ ಕುಲನಾಮ ಕೊಸ್ತ್ರೊವಿಟ್ಸ್ಕಿ. ತನಗಿಟ್ಟ ಹಲವು ಹೆಸರುಗಳಲ್ಲಿ ವಿಲ್ಹೆಲ್ಮ್, ಅಪೊಲಿನಾರಿ ಎಂಬೆರಡನ್ನು ಆಯ್ದು, ಫ್ರೆಂಚಿಗೆ ತಿರುಗಿಸಿ, ಕುಲನಾಮವನ್ನು ಕೈಬಿಟ್ಟು, ಆತನು ಕವಿನಾಮವನ್ನು ಮಾಡಿಕೊಂಡನು. ಮುಖವು ಹುಟ್ಟಿನಿಂದ ಬಂದದ್ದು. ಈ ಹೆಸರು ಆತನೇ ಸಂಪಾದಿಸಿದ್ದು. ಫ್ರೆಂಚ್ ಪೌರತ್ವವು ದೊರೆತದ್ದು 1916ರಲ್ಲಿ. ಕನ್ನಡಿಯೊಳಗಿನವನು ಅದಕ್ಕೆ ಎರಡು ವರ್ಷ ಮೊದಲೇ ಫ್ರೆಂಚನಾಗಿದ್ದನು! ಪ್ರತಿಬಿಂಬವನ್ನು ಅಲ್ಲಗಳೆಯುವ ಆ ವಾಕ್ಯವು ಹೀಗೆ ಬರಿಯ ಬೆಡಗಿನ ಮಾತಾಗಿ ಉಳಿಯುವುದಿಲ್ಲ.

ಬಂಧಕಾವ್ಯವನ್ನು ಬಲ್ಲವರಿಗೆ ಇಲ್ಲಿ ಮಾಘನು ನೆನಪಾಗದಿರನು. ‘ಶಿಶುಪಾಲವಧ’ದ ಹತ್ತೊಂಬತ್ತನೆಯ ಸರ್ಗದ ಕೊನೆಯ ಪದ್ಯವನ್ನು ಚಕ್ರವಾಗಿ ಬರೆದರೆ ಕವಿಯ ಮತ್ತು ಕಾವ್ಯದ ಹೆಸರುಗಳು ಮೈದೋರುತ್ತವೆ. ಆದರೆ ಅಲ್ಲಿ ಹೆಸರು ಗೂಢ. ಚಕ್ರವನ್ನು ಬರೆಯಬಲ್ಲ ಪಂಡಿತನಿಗೆ ಮಾತ್ರ ಲಭ್ಯ. ಅದು ಕರ್ತೃತ್ವದ ಮುದ್ರೆಯೇ ಹೊರತು ಚಿತ್ರವಲ್ಲ. ಇಲ್ಲಿಯಾದರೋ ಹೆಸರೇ ಮೊದಲು ಕಾಣುವುದು, ಅದರ ಅರ್ಥವು ಬಳಿಕ ತಿಳಿಯುವುದು.

ಇದನ್ನು ಕನ್ನಡಕ್ಕೆ ತರುವವನಿಗೆ ಒಂದು ತೊಡಕುಂಟು. ಫ್ರೆಂಚಿನಲ್ಲಿ ಪದಗಳನ್ನು ಒಡೆದು ಇಟ್ಟುದರಿಂದ ಓದು ತಡವರಿಸುತ್ತದೆ. ಆ ತಡವರಿಕೆಯೇ ಕನ್ನಡಿಯನ್ನು ಸುತ್ತಿ ನೋಡುವ ನಡೆ. ನಮ್ಮ ಲಿಪಿಯಲ್ಲಿ ಪ್ರತಿಯೊಂದು ಅಕ್ಷರವೂ ಮೊದಲೇ ಬಿಡಿಯಾಗಿ ನಿಲ್ಲುವುದರಿಂದ, ಚೌಕಟ್ಟನ್ನು ಹಾಗೆಯೇ ಜೋಡಿಸಿದರೂ ಆ ತಡವು ಅಷ್ಟಾಗಿ ಉಳಿಯದು.