ಹೀಬ್ರೂ ಪಾನಗೀತವೊಂದರಲ್ಲಿ ನಿಷೇಧದ ಸ್ಥಾನ

ಯೆಹೂದ್ಯರ ಧರ್ಮಾಚರಣೆಯಲ್ಲಿ ದ್ರಾಕ್ಷಾರಸಕ್ಕೆ ವಿಶಿಷ್ಟವಾದ ಸ್ಥಾನವುಂಟು. ಸಬ್ಬತ್ ದಿನವನ್ನು ಬರಮಾಡಿಕೊಳ್ಳುವಾಗ ಬಟ್ಟಲನ್ನು ಹಿಡಿದು ಸ್ತೋತ್ರಮಾಡುವುದೂ ಪಸ್ಕಹಬ್ಬದ ರಾತ್ರಿ ನಾಲ್ಕು ಬಟ್ಟಲುಗಳನ್ನು ಕುಡಿಯುವುದೂ ಇಂದಿಗೂ ನಡೆದುಬಂದಿರುವ ವಿಧಿಗಳು. ಹೀಗಿರಲು, 10ನೆಯ ಶತಮಾನದ ದೂನಷ್ ಬೆನ್ ಲಬ್ರಾತನ ಪ್ರಸಿದ್ಧ ಪಾನಗೀತವು ಪಾನದ ನಿರಾಕರಣೆಯಲ್ಲಿ ಮುಗಿಯುವುದು ವಿಚಾರಾರ್ಹವಾದ ವಿಷಯವಾಗಿದೆ.

ದೂನಷನು ಬಾಗ್ದಾದಿನಲ್ಲಿ ಸಾದಿಯಾ ಗಾಓನನ ಬಳಿ ವ್ಯಾಸಂಗಮಾಡಿ, ಬಳಿಕ ಸ್ಪೇನಿನ ಕಾರ್ಡೋಬಾ ನಗರವನ್ನು ಸೇರಿದವನು. ಅರಬ್ಬೀ ಛಂದಸ್ಸಿನ ರೀತಿಯನ್ನು ಹೀಬ್ರೂ ಕಾವ್ಯಕ್ಕೆ ತಂದವನು. ಈ ಗೀತದಲ್ಲಿ ಒಬ್ಬ ಗೆಳೆಯನು ಕವಿಯನ್ನು ನಿದ್ರೆಯಿಂದೆಬ್ಬಿಸಿ ಪಾನಗೋಷ್ಠಿಗೆ ಕರೆಯುತ್ತಾನೆ. ದಾಳಿಂಬೆ ಖರ್ಜೂರಗಳ ತೋಟ, ಹರಿಯುವ ನೀರಿನ ಕಲಕಲ, ತಂತೀವಾದ್ಯಗಳ ನಾದ, ಹಕ್ಕಿಗಳ ಹಾಡು ಮೊದಲಾದ ಉದ್ದೀಪನವಿಭಾವಗಳು ಒಂದರ ಹಿಂದೊಂದಾಗಿ ಬರುತ್ತವೆ. ಒಡನೆಯೇ ಕವಿಯು ಅವನನ್ನು ಗದರಿಸುತ್ತಾನೆ. ಚೀಯೋನು ಹಾಳಾಗಿ, ಪವಿತ್ರಸ್ಥಾನವು ಪರರ ವಶವಾಗಿರುವಾಗ ಕುಡಿಯುವುದೆಂತು ಎಂಬುದೇ ಅವನ ಆಕ್ಷೇಪ.

ಕಾವ್ಯದ ಹೆಚ್ಚು ಭಾಗವೂ ಹೆಚ್ಚು ಸೊಬಗೂ ಆಮಂತ್ರಣದಲ್ಲಿಯೇ ಇರುವುದರಿಂದ, ಆಕ್ಷೇಪವನ್ನು ಲೋಕಾಪವಾದಕ್ಕೆ ಅಂಜಿ ಹಚ್ಚಿದ ತೇಪೆಯೆಂದು ಎಣಿಸಲು ಎಡೆಯುಂಟು. ಅದನ್ನೇ ಧರ್ಮಶಾಸ್ತ್ರದ ಸಿದ್ಧಾಂತವೆಂದು ಹಿಡಿದರೂ ತೊಡಕು ತಪ್ಪದು. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯವು ನಾಶವಾದ ಬಳಿಕ ಮಾಂಸವನ್ನೂ ದ್ರಾಕ್ಷಾರಸವನ್ನೂ ತೊರೆದವರ ವಿಷಯವಾಗಿ ತಾಲ್ಮೂದಿನಲ್ಲಿ ಒಂದು ಸಂವಾದವಿದೆ. ವೇದಿಕೆಯ ಮೇಲೆ ಅರ್ಪಿತವಾಗುತ್ತಿದ್ದುದನ್ನು ತಾವು ಹೇಗೆ ಭೋಗಿಸುವುದೆಂಬುದು ಅವರ ವಾದ. ಹಾಗಾದರೆ ರೊಟ್ಟಿ, ಹಣ್ಣು, ಕೊನೆಗೆ ನೀರನ್ನೂ ಬಿಡಬೇಕಾದೀತೆಂದು ರಬ್ಬಿ ಯೆಹೋಷುವನು ತೋರಿಸಿಕೊಡುತ್ತಾನೆ. ಶೋಕವನ್ನು ಪೂರ್ತಿ ಬಿಡುವುದೂ ಸಲ್ಲದು, ಅತಿಯಾಗಿ ಶೋಕಿಸುವುದೂ ಸಲ್ಲದು. ಮನೆಗೆ ಗಾರೆ ಬಳಿಯುವವನು ಸ್ವಲ್ಪ ಸ್ಥಳವನ್ನು ಬಳಿಯದೆ ಬಿಡಲಿ ಎಂಬುದು ಅಲ್ಲಿಯ ನಿರ್ಣಯ.

ದೂನಷನ ಆಕ್ಷೇಪಕ್ಕೆ ಸಲ್ಲುವ ಉಪಮಾನ ಈ ಬಳಿಯದೆ ಬಿಟ್ಟ ಗೋಡೆಯೇ. ಅದು ತೋಟದ ಸೊಬಗನ್ನು ಅಳಿಸುವುದಿಲ್ಲ. ಆ ಸೊಬಗಿನ ನಡುವೆ ನಷ್ಟದ ಸ್ಮರಣೆಗೆ ಸ್ಥಳವನ್ನು ಉಳಿಸುತ್ತದೆ. ಆಮಂತ್ರಣವು ಮೋಹಕವಾದಷ್ಟೂ ಅದನ್ನು ತಳ್ಳುವವನ ಶೋಕಕ್ಕೆ ತೂಕ ಹೆಚ್ಚುತ್ತದೆ. ಶೃಂಗಾರೋಚಿತವಾದ ವರ್ಣನೆಯು ಕರುಣಕ್ಕೆ ಪೋಷಕವಾಗಿ ಪರಿಣಮಿಸುವುದೇ ಇಲ್ಲಿಯ ಕೌಶಲ.

ಮುಂದಿನ ತಲೆಮಾರಿನಲ್ಲಿ, ಗ್ರಾನಡದ ಮಂತ್ರಿಯೂ ತಾಲ್ಮೂದಿನ ವಿದ್ವಾಂಸನೂ ಆಗಿದ್ದ ಷೆಮೂಏಲ್ ಹನ್ನಾಗೀದನು (993–1056) ಪಾನಗೀತಗಳನ್ನು ನಿಸ್ಸಂಕೋಚವಾಗಿ ರಚಿಸಿದನು. ಆದುದರಿಂದ ದೂನಷನ ನಿರಾಕರಣೆಯು ಆ ಕಾವ್ಯಪ್ರಕಾರಕ್ಕೆ ತಡೆಯಾಗಲಿಲ್ಲವೆಂಬುದು ಸ್ಪಷ್ಟ. ಅವನ ಗೀತದಿಂದ ಉದ್ಯಾನವರ್ಣನೆಯನ್ನಷ್ಟೇ ಆಯ್ದು ಪಾಠಹೇಳುವುದು ಅನುಚಿತ. ಆಕ್ಷೇಪವನ್ನಷ್ಟೇ ಎತ್ತಿ ಹಿಡಿಯುವುದೂ ಅಷ್ಟೇ ಅನುಚಿತ. ಎರಡನ್ನೂ ಒಟ್ಟಿಗೆ ಓದಿದಾಗಲೇ ಕಾವ್ಯಾರ್ಥವು ಪೂರ್ಣವಾಗುತ್ತದೆ.