ಅತನೂರ: ಒಂದು ಅಡ್ಡಹೆಸರಿನ ಮೂಲ, ಹರಹು ಮತ್ತು ಕೊನೆಯ ಅಕಾರ

ಅಡ್ಡಹೆಸರುಗಳ ಅಧ್ಯಯನದಲ್ಲಿ ಒಂದು ಊಹೆ ಪರೀಕ್ಷೆಗೊಳಗಾಗದೆ ಉಳಿದುಬರುತ್ತದೆ: ಹೆಸರು ಎಲ್ಲಿ ದಟ್ಟವಾಗಿದೆಯೋ ಅದರ ಮೂಲವೂ ಅಲ್ಲಿಯೇ ಎಂಬುದು. ಅಫಜಲಪುರ ತಾಲ್ಲೂಕಿನ ಅತನೂರನ್ನು ಸೂಚಿಸುವ ‘ಅತನೂರ’ ಎಂಬ ಹೆಸರಿನ ಆಧಾರದಿಂದ ಈ ಊಹೆಯನ್ನೂ, ಅದರ ಬೆನ್ನಿಗೇ ಬರುವ ‘ಶುದ್ಧರೂಪ’ದ ಹಂಬಲವನ್ನೂ ಇಲ್ಲಿ ವಿಮರ್ಶಿಸಲಾಗಿದೆ. (ಹಳೆಯ ಮೈಸೂರಿನ ಓದುಗರಿಗೆ ಅಡ್ಡಹೆಸರೆಂದರೆ ಗೇಲಿಯ ಹೆಸರು, ಉತ್ತರದಲ್ಲಿ ಅದು ಮನೆತನದ ಹೆಸರು.)

ಊರಿನ ಹೆಸರು ಊರೊಳಗೆ ಯಾರನ್ನೂ ಬೇರ್ಪಡಿಸಲಾರದು. ಅಲ್ಲಿ ಆ ಕೆಲಸವನ್ನು ಪಾಟೀಲ, ಕುಲಕರ್ಣಿ, ಬಡಿಗೇರ, ಹೂಗಾರ, ಹಿರೇಮಠ ಮೊದಲಾದವು ಮಾಡುತ್ತವೆ. ಅತನೂರಿನವನು ‘ಅತನೂರ’ನಾಗುವುದು ಕಲಬುರಗಿಗೋ ಸೊಲ್ಲಾಪುರಕ್ಕೋ ಹೋದಾಗ, ಹೆಸರಿಡುವವರು ಅವನನ್ನು ಬರಮಾಡಿಕೊಂಡ ಊರಿನವರು. ಆದ್ದರಿಂದ ಹೆಸರಿನ ದಟ್ಟಣೆ ವಲಸೆಯ ಗುರಿಯನ್ನು ತೋರಿಸಬಹುದು, ಹೊರಟ ನೆಲೆಯನ್ನು ತೋರಿಸಬೇಕೆಂದಿಲ್ಲ. ಗಂಗೂಬಾಯಿ ಹಾನಗಲ್ 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. ಮಲ್ಲಿಕಾರ್ಜುನ ಮನಸೂರರು ಮನಸೂರಿನಲ್ಲಿಯೇ ಹುಟ್ಟಿದವರು ನಿಜ. ಆದರೆ ಆ ಹೆಸರಿಗೆ ಬೆಲೆ ಬಂದದ್ದು ಮನಸೂರಿನ ಹೊರಗೆ.

ಈ ವಿಷಯದಲ್ಲಿ ಜಪಾನಿನ ಹೋಲಿಕೆ ಉಪಯುಕ್ತವಾದರೂ ಜಾರುವ ನೆಲ. ಅಲ್ಲಿ 1875ರಲ್ಲಿ ಸಾಮಾನ್ಯರಿಗೂ ಕುಲನಾಮ ಕಡ್ಡಾಯವಾಯಿತು. ತನಾಕಾ (ಗದ್ದೆಯ ನಡು), ಯಮಾಮೊಟೊ (ಬೆಟ್ಟದ ಬುಡ) ಮುಂತಾದವು ನೆಲದ ಲಕ್ಷಣವನ್ನು ಹೇಳುವುದರಿಂದ ಎಲ್ಲಿ ಬೇಕಾದರೂ ಸ್ವತಂತ್ರವಾಗಿ ಹುಟ್ಟಬಲ್ಲವು. ಅವುಗಳ ಹರಹಿನಿಂದ ಏಕಮೂಲವನ್ನು ಸಾಧಿಸಲಾಗದು. ನಮ್ಮ ‘ಹೊಸೂರ’ ಈ ಬಗೆಗೆ ಹತ್ತಿರದ್ದು. ‘ಅತನೂರ’ ಹಾಗಲ್ಲ, ಅದು ಒಂದು ಊರಿನತ್ತ ಬೆರಳು ಮಾಡುತ್ತದೆ. ಇವೆರಡನ್ನೂ ‘ಸ್ಥಳವಾಚಕ ಕುಲನಾಮ’ ಎಂಬ ಒಂದೇ ಬುಟ್ಟಿಗೆ ಹಾಕುವುದು ವರ್ಗೀಕರಣದ ಸೋಮಾರಿತನ.

ಹೆಚ್ಚು ಬಿಗಿಯಾದ ಪ್ರಶ್ನೆ ಕೊನೆಯ ಅಕಾರದ್ದು. ‘ಅತನೂರ’ ಎಂಬುದನ್ನು ಹಳಗನ್ನಡದ ‘ಊರ’ದಂತೆ ಷಷ್ಠಿಯೆಂದು, ಅಂದರೆ ‘ಅತನೂರಿನ ವ್ಯಕ್ತಿ’ ಎಂದು ಬಿಡಿಸುವ ಆಸೆ ಸಹಜ. ಆದರೆ ಷಷ್ಠಿಯಾಗಿದ್ದರೆ ಕುರ್ತಕೋಟಿ, ಮುಗಳಿ, ಬೆಟಗೇರಿ ಎಂಬ ಹೆಸರುಗಳೂ ಯಕಾರಾಗಮದೊಡನೆ ‘ಕುರ್ತಕೋಟಿಯ’ ಎಂಬಂತೆ ಇರಬೇಕಿತ್ತು, ಇಲ್ಲ. ಇನ್ನು ಅದು ಪ್ರಕೃತಿಯ ಸ್ವರವೂ ಅಲ್ಲ: ಧಾರವಾಡ ‘ಧಾರವಾಡಕ್ಕೆ’ ಆಗುತ್ತದೆ, ಅತನೂರ ಮಾತ್ರ ‘ಅತನೂರಿಗೆ’. ಚತುರ್ಥಿಯ ಈ ಸರಳ ಪರೀಕ್ಷೆ ಪ್ರಕೃತಿ ವ್ಯಂಜನಾಂತವೆಂದು ತೋರಿಸುತ್ತದೆ. ಉಳಿಯುವ ವಿವರಣೆ, ನನ್ನ ದೃಷ್ಟಿಯಲ್ಲಿ, ಬರಹದ್ದು. ಆಡುವಾಗ ರಕಾರದಲ್ಲಿ ನಿಲ್ಲುವ ಪದವನ್ನು ಅಕಾರ ಸೇರಿಸಿ ಬರೆಯಲಾಗುತ್ತಿದೆ. ಪದಾಂತ್ಯದ ಅಕಾರವನ್ನು ಉಚ್ಚರಿಸದ ಮರಾಠಿಯ ನೆರೆಯಲ್ಲಿ ಇದು ಆಶ್ಚರ್ಯವಲ್ಲ. 1956ರ ನವೆಂಬರ್ 1ರವರೆಗೆ ಈ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು. ಉರ್ದು ಬರಹದಲ್ಲಿ ಪದಾಂತ್ಯದ ಹ್ರಸ್ವಸ್ವರ ಸಾಮಾನ್ಯವಾಗಿ ಕಾಣದಾದ್ದರಿಂದ ಊರ್, ಊರ, ಊರು ಎಂಬ ಭೇದಕ್ಕೆ ಆ ದಾಖಲೆಗಳು ಸಾಕ್ಷಿಯಾಗಲಾರವು.

ಪದಕ್ರಮವೂ ಗಮನಾರ್ಹ. ಕನ್ನಡದಲ್ಲಿ ವಿಶೇಷಣ ಮೊದಲು ಬರುತ್ತದೆ: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಬೆಟಗೇರಿ ಕೃಷ್ಣಶರ್ಮ. ದಾಖಲೆಯ ಕ್ರಮದಲ್ಲಿ ಊರು ಕೊನೆಗೆ ಸರಿದಾಗ ಅದು ವಿಶೇಷಣವಾಗಿ ಉಳಿಯದೆ ಮುಚ್ಚಿದ ಗುರುತಾಗುತ್ತದೆ. ಅಲ್ಲಿಂದಾಚೆ ಊರಿನ ಹೆಸರು ಬದಲಾದರೂ ಅದು ಬದಲಾಗುವುದಿಲ್ಲ. 2014ರಲ್ಲಿ ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು. ಕನ್ನಡದಲ್ಲಿ ನಾಮವಿಜ್ಞಾನವನ್ನು ಬೆಳೆಸಿದ, ಸಿಂದಗಿ ತಾಲ್ಲೂಕಿನವರಾದ ಎಂ. ಎಂ. ಕಲಬುರ್ಗಿಯವರ ಹೆಸರಿನಲ್ಲಿ ಮಾತ್ರ ‘ರ್ಗಿ’ ಹಾಗೆಯೇ ಇದೆ.

ಇಷ್ಟನ್ನು ಹೇಳಲು ಸ್ವಂತ ಕಾರಣವೊಂದಿದೆ. ಡಾಕ್ಟರೇಟ್ ಅಧ್ಯಯನದ ವೇಳೆ ನಾನು ನನ್ನ ಪಟ್ಟಿಯಲ್ಲಿನ ಎಲ್ಲ ‘-ಊರ’ಗಳನ್ನು ‘-ಊರು’ ಎಂದು ತಿದ್ದಿದೆ. ಏಕರೂಪತೆ ಬಂತು, ಮೇಲಿನ ವಾದಕ್ಕೆ ಬೇಕಾದ ಸಾಕ್ಷ್ಯವೆಲ್ಲ ಹೋಯಿತು. ಮೂಲ ನಮೂದುಗಳನ್ನು ಮತ್ತೆ ಒಂದೊಂದಾಗಿ ನೋಡಬೇಕಾಯಿತು. ಈಗ ಅದೇ ತಿದ್ದುಪಡಿಯನ್ನು ಕ್ಷಣಾರ್ಧದಲ್ಲಿ ಗಣಕವೇ ಮಾಡುತ್ತದೆ. ಪಟ್ಟಿಗೆ ಕನಿಷ್ಠ ಮೂರು ಅಂಕಣ ಬೇಕು: ಬರೆದ ರೂಪ, ಆಡುವ ರೂಪ, ಹೆಸರು ದಾಖಲಾದ ಊರು. ಮೂಲದ ಊರಿನ ಅಂಕಣವನ್ನು ಹೆಸರನ್ನು ನೋಡಿ ತುಂಬಬಾರದು. ಮನೆಯವರನ್ನು ಕೇಳಿ ತುಂಬಬೇಕು.